ಹತ್ತು ಮನೆಯ ಒಂದು ಪ್ರತಿ

ಅನೇಕ ವರ್ಷಗಳ ಹಿಂದೆ ಗುಡಗೇರಿಯ ನಮ್ಮ ಮನೆಗೆ ಅಂಚೆಯಲ್ಲಿ ತಿಂಗಳಿಗೊಮ್ಮೆ ತೆಳ್ಳನೆಯ ಪತ್ರಿಕೆಯೊಂದು ಬರುತ್ತಿತ್ತು. ಚಿತ್ರಕಲೆ, ಸಂಗೀತ, ನೇಯ್ಗೆ, ಉಡುಗೆತೊಡುಗೆ ಇವೇ ಅದರ ವಿಷಯಗಳು. ಒಂದು ಸಂಚಿಕೆಯಲ್ಲಿ 16ನೆಯ ಶತಮಾನದ ಜರ್ಮನ್ ಚಿತ್ರಕಾರ ಹಾನ್ಸ್ ಹೋಲ್ಬೈನನನ್ನು ಕುರಿತ ಲೇಖನವಿತ್ತು. ಅವನು ಬರೆದ ಭಾವಚಿತ್ರಗಳಲ್ಲಿ ಉಡುಪಿನ ಅಂಚಿಗೆ ಒಂದು ಬಗೆಯ ಹೊಲಿಗೆ ಕಾಣುತ್ತದೆ. ಯುರೋಪಿನವರು ಅದನ್ನು ಅವನ ಹೆಸರಿನಿಂದಲೇ ಕರೆಯುತ್ತಾರೆ. ಅದು ನಮ್ಮ ಕಸೂತಿಯ ಗವಂತಿಯೇ! ಬಟ್ಟೆಯ ಎರಡೂ ಬದಿಗೆ ಒಂದೇ ವಿನ್ಯಾಸ, ಎಲ್ಲಿಯೂ ಗಂಟಿಲ್ಲ. ಇದನ್ನು ಓದಿ ಹೇಳಿದಾಗ ನನ್ನ ತಾಯಿ ಸೂಜಿ ನಿಲ್ಲಿಸಿ, "ಅವರ ಊರಾಗೂ ಗಂಟ ಹಾಕಂಗಿಲ್ಲೇನು?" ಎಂದು ಕೇಳಿದಳು.

ಹಳ್ಳಿಯವರಿಗೆ ಪರದೇಶದ ಕಲೆಯ ಗೊಡವೆ ಏಕೆ ಎನ್ನುವವರುಂಟು. ಈ ಮಾತನ್ನು ನಾನು ಒಪ್ಪಲಾರೆ. ನಮ್ಮ ತಾಲ್ಲೂಕಿನ ಕುಂದಗೋಳವನ್ನೇ ನೋಡಿರಿ. ಉತ್ತರದ ಕೈರಾನಾದಿಂದ ಬಂದ ಅಬ್ದುಲ್ ಕರೀಮ್ ಖಾನರ ಗಾಯನವನ್ನು ಇಲ್ಲಿಯ ರಾಮಭಾವು ಕುಂದಗೋಳಕರರು ಕಲಿತರು. ಮರಾಠಿ ರಂಗಭೂಮಿಯ ಮೇಲೆ ಹಾಡಿ ಸವಾಯಿ ಗಂಧರ್ವರೆನಿಸಿದರು. ಅವರಲ್ಲಿ ಕಲಿಯಲು ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬರುತ್ತಿದ್ದರು. ಹೊರಗಿನದು ಹೀಗೆ ಬಂದು ನೆಲೆಸಿ ನಮ್ಮದಾದ ನೆಲವಿದು. ಆದರೆ ಇಂಥ ಸಂಬಂಧಗಳನ್ನು ಕನ್ನಡದಲ್ಲಿ ಬಿಡಿಸಿ ಹೇಳುವ ಪತ್ರಿಕೆಗಳು ಬಹಳ ಕಡಿಮೆ.

ಇದ್ದವಾದರೂ ಹೇಗೆ ಬಾಳಬೇಕು? ದೊಡ್ಡ ಬಂಡವಾಳವಿಲ್ಲ, ಜಾಹೀರಾತುದಾರರಿಗೆ ಅವುಗಳತ್ತ ಒಲವಿಲ್ಲ. ಧಾರವಾಡದಲ್ಲಿ 1964ರಲ್ಲಿ ಚಂದ್ರಶೇಖರ ಪಾಟೀಲ, ಗಿರಡ್ಡಿ ಗೋವಿಂದರಾಜ, ಸಿದ್ಧಲಿಂಗ ಪಟ್ಟಣಶೆಟ್ಟಿ ಎಂಬ ಮೂವರು ತರುಣರು 'ಸಂಕ್ರಮಣ'ವನ್ನು ಆರಂಭಿಸಿದರು. 2005ರಲ್ಲಿ ವಿವೇಕ ಶಾನಭಾಗರು 'ದೇಶಕಾಲ'ವನ್ನು ಹೊರತಂದರು. ಇವು ಸಾಹಿತ್ಯದ ಪತ್ರಿಕೆಗಳು. ಸಾಹಿತ್ಯ ಪತ್ರಿಕೆಯೇ ಪ್ರಯಾಸದಿಂದ ನಡೆಯುವಾಗ ಚಿತ್ರ, ಸಂಗೀತ, ಕಸೂತಿಗಳ ಪತ್ರಿಕೆಯ ಪಾಡೇನು! ಇಂಥ ಪತ್ರಿಕೆ ಸ್ವತಂತ್ರವಾಗಿ ಮಾತನಾಡಬೇಕಾದರೆ ಓದುಗನೇ ಅದರ ವೆಚ್ಚವನ್ನು ಹೊರಬೇಕು. ಹತ್ತು ಜನ ಒಂದೇ ಪ್ರತಿಯನ್ನು ಓದುವುದರಲ್ಲಿ ತಪ್ಪಿಲ್ಲ. ಹತ್ತು ಜನ ಓದಿ ಒಬ್ಬನೇ ಹಣ ಕಟ್ಟುವುದು ತಪ್ಪು. ಕೂಡಿ ಓದುವವರು ಕೂಡಿಯೇ ಇನ್ನೆರಡು ಪ್ರತಿ ತರಿಸಬಹುದಲ್ಲವೆ?

ಪರರಿಗೆ ಹೇಳುವ ಮೊದಲು ನನ್ನದನ್ನೂ ಹೇಳಬೇಕು. ನನ್ನ ಪ್ರತಿ ಹತ್ತು ಮನೆ ಸುತ್ತಿ ರಕ್ಷಾಪುಟ ಹರಿದು ಬರುತ್ತಿತ್ತು. ಎಷ್ಟು ಜನ ಓದುತ್ತಾರೆಂದು ನಾನು ಹಿಗ್ಗುತ್ತಿದ್ದೆ. ಒಂದು ವರ್ಷ ಚಂದಾ ಕಳುಹಿಸಲು ನಾನೇ ಮರೆತೆ. ನನ್ನಂತೆ ಮರೆತವರು ಎಷ್ಟು ಮಂದಿಯೋ! ನೆನಪಿನ ಕಾರ್ಡುಗಳು ಎರಡು ಬಂದವು; 'ನಾಳೆ ಕಳುಹಿಸಿದರಾಯಿತು' ಎಂದುಕೊಂಡೆ. ಮೂರನೆಯ ಕಾರ್ಡಿನಲ್ಲಿ ಪತ್ರಿಕೆ ನಿಂತ ಸುದ್ದಿಯಿತ್ತು.