ವೀರನ ಲೆಕ್ಕದಲ್ಲಿ ಮಡಚಿಟ್ಟ ಪುಟ

ಯುದ್ಧವೀರರ ಚರಿತ್ರೆಯೆಂದರೆ ನಮ್ಮ ತರುಣರಿಗೆ ಬಲು ಪ್ರೀತಿ. ಅದು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಗಲ್ಲಾ ಪೆಟ್ಟಿಗೆಯ ಮುಂದೆ ಕುಳಿತು ವರ್ಷಗಟ್ಟಲೆ ಹೋಟೆಲಿನ ಲೆಕ್ಕ ಬರೆದ ನಮಗೆ, ಜಮೆಯ ಪುಟವನ್ನು ತೆರೆದು ತೋರಿಸಿ ಖರ್ಚಿನ ಪುಟವನ್ನು ಮಡಚಿಡುವ ಲೆಕ್ಕ ಎಂದೂ ಒಪ್ಪಿಗೆಯಾಗದು. ಎರಡನೆಯ ಮಹಾಯುದ್ಧದ ಪ್ರಸಿದ್ಧ ಬಾಂಬರ್ ವಿಮಾನಚಾಲಕ ಗೈ ಗಿಬ್ಸನ್ನರ ಬಾಳನ್ನು ಈ ದೃಷ್ಟಿಯಿಂದ ವಾಚಕರ ಮುಂದಿಡುತ್ತೇವೆ.

ಗಿಬ್ಸನ್ನರು ಹುಟ್ಟಿದ್ದು ನಮ್ಮ ಸಿಮ್ಲಾದಲ್ಲಿ, 1918ರ ಆಗಸ್ಟ್ 12ರಂದು. ತಂದೆ ಇಲ್ಲಿಯ ಅರಣ್ಯ ಇಲಾಖೆಯಲ್ಲಿ ಅಧಿಕಾರಿ. ಆರನೆಯ ವಯಸ್ಸಿನಲ್ಲಿ ಇಂಗ್ಲೆಂಡಿಗೆ ಹೋದ ಈ ಬಾಲಕ 1936ರಲ್ಲಿ ವಾಯುಪಡೆ ಸೇರಿದರು. 1939ರಲ್ಲಿ ಬ್ರಿಟನ್ ಯುದ್ಧ ಸಾರಿದ ದಿನವೇ ವಿಮಾನವೇರಿ ಹೊರಟವರಲ್ಲಿ ಅವರೂ ಒಬ್ಬರು.

1943ರ ಮೇ 16ರ ರಾತ್ರಿ ಅವರ ನಾಯಕತ್ವದಲ್ಲಿ 19 ಲ್ಯಾಂಕಾಸ್ಟರ್ ವಿಮಾನಗಳು, 133 ಜನರು, ಜರ್ಮನಿಯ ರೂರ್ ಕೈಗಾರಿಕಾ ಪ್ರದೇಶಕ್ಕೆ ಆಧಾರವಾಗಿದ್ದ ಅಣೆಕಟ್ಟುಗಳನ್ನು ಒಡೆಯಲು ಹೊರಟರು. ನೀರಿನ ಮೇಲೆ ಪುಟಿಯುತ್ತ ಸಾಗಿ ಕಟ್ಟೆಗೆ ತಾಗುವ ಬಾಂಬನ್ನು ಬಾರ್ನೆಸ್ ವಾಲಿಸ್ ಎಂಬ ತಜ್ಞರು ರೂಪಿಸಿದ್ದರು. ಅದನ್ನು ಕೇವಲ 60 ಅಡಿ ಎತ್ತರದಿಂದ ಬಿಡಬೇಕಾಗಿತ್ತು. ತಮ್ಮ ಬಾಂಬನ್ನು ಬಿಟ್ಟಾದ ಮೇಲೂ ಗಿಬ್ಸನ್ನರು ಸ್ಥಳ ಬಿಡಲಿಲ್ಲ. ಶತ್ರುವಿನ ಗುಂಡುಗಳನ್ನು ತಮ್ಮತ್ತ ಸೆಳೆಯಲು ಇತರ ವಿಮಾನಗಳ ಜೊತೆಗೆ ಮತ್ತೆ ಹಾರಿದರು. ಮೋನೆ, ಎಡರ್ ಎಂಬ ಎರಡು ಕಟ್ಟೆಗಳು ಒಡೆದವು. 8 ವಿಮಾನಗಳು ಮರಳಲಿಲ್ಲ; 53 ಜನ ಸತ್ತರು. ಇಪ್ಪತ್ತನಾಲ್ಕರ ನಾಯಕನಿಗೆ ವಿಕ್ಟೋರಿಯಾ ಕ್ರಾಸ್ ದೊರೆಯಿತು.

ಅನಂತರ ಅವರನ್ನು ಅಮೇರಿಕ, ಕೆನಡಾಗಳಿಗೆ ಭಾಷಣಕ್ಕೆ ಕಳುಹಿಸಿದರು. ಮೇಜಿನ ಮುಂದೆ ಕೂರಿಸಿದರು. ಅವರ ಮನಸ್ಸು ನಿಲ್ಲಲಿಲ್ಲ. ಒತ್ತಾಯಮಾಡಿ ಮತ್ತೆ ವಿಮಾನವೇರಿದರು. 1944ರ ಸೆಪ್ಟೆಂಬರ್ 19ರ ರಾತ್ರಿ ಜರ್ಮನಿಯ ಮೇಲಿನ ದಾಳಿಯಿಂದ ಮರಳುವಾಗ ಅವರ ಮಸ್ಕಿಟೋ ವಿಮಾನವು ಹಾಲೆಂಡಿನ ಸ್ಟೀನ್‌ಬರ್ಗೆನ್ ಬಳಿ ಬಿದ್ದಿತು. ಜೊತೆಗಾರನೊಡನೆ ಅವರೂ ಮಡಿದರು. ಆಗ ವಯಸ್ಸು 26. ಇಬ್ಬರ ಸಮಾಧಿಯೂ ಅಲ್ಲಿಯೇ ಇದೆ. 1955ರಲ್ಲಿ ಆ ದಾಳಿಯ ಕಥೆ ಚಲನಚಿತ್ರವಾಗಿ ಲೋಕಪ್ರಸಿದ್ಧವಾಯಿತು.

ಇದು ಜಮೆಯ ಪುಟ. ಇನ್ನು ಖರ್ಚಿನ ಪುಟವನ್ನು ತೆರೆಯೋಣ.

ಒಡೆದ ಕಟ್ಟೆಗಳ ನೀರು 1,200ಕ್ಕೂ ಮಿಕ್ಕಿ ಜನರನ್ನು ಕೊಂದಿತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಜರ್ಮನರೇ ಅಲ್ಲ. ಯುಕ್ರೇನ್ ಮೊದಲಾದ ನಾಡುಗಳಿಂದ ನಾಜಿಗಳು ಬಲಾತ್ಕಾರವಾಗಿ ತಂದು ದುಡಿಸುತ್ತಿದ್ದ ಕೂಲಿಗಳು ಮತ್ತು ಸೆರೆಯಾಳುಗಳು. ಮೋನೆ ಕಟ್ಟೆಯ ಕೆಳಗಿನ ನೆಹೈಮ್ ಊರಿನ ಶಿಬಿರದಲ್ಲಿ ಮಲಗಿದ್ದ ನೂರಾರು ಹೆಂಗಸರು ಆ ರಾತ್ರಿ ಕೊಚ್ಚಿಹೋದರು. ಯಾರ ಯುದ್ಧವನ್ನೂ ಅವರು ಸಾರಿರಲಿಲ್ಲ. ಕಟ್ಟೆಯನ್ನಾದರೋ ಐದು ತಿಂಗಳೊಳಗೆ ಮತ್ತೆ ಕಟ್ಟಲಾಯಿತು. ಅದಕ್ಕೂ ಹೊರನಾಡಿನ ಕೈಗಳನ್ನೇ ದುಡಿಸಿದರು.

ಹಿಟ್ಲರನನ್ನು ಸೋಲಿಸಲೇಬೇಕಾಗಿತ್ತು, ಅದರಲ್ಲಿ ನಮಗೆ ಸಂಶಯವಿಲ್ಲ. ಆ ಹೆಂಗಸರನ್ನು ಅಲ್ಲಿ ಕೂಡಿಹಾಕಿದ ಪಾಪವೂ ನಾಜಿಗಳದೇ. ಗಿಬ್ಸನ್ನರ ಧೈರ್ಯವನ್ನು ಕುಂದಿಸುವ ಉದ್ದೇಶವೂ ನಮಗಿಲ್ಲ. ಆದರೆ ವೀರನ ಹೆಸರನ್ನು ಕಂಠಪಾಠ ಮಾಡಿದ ಲೋಕವು ಆ ಹೆಂಗಸರಲ್ಲಿ ಒಬ್ಬಳ ಹೆಸರನ್ನಾದರೂ ಬಲ್ಲುದೆ? ಲೋಕದ ಮನಸ್ಸಾಕ್ಷಿಯೂ ತಡವಾಗಿಯೇ ಎಚ್ಚೆತ್ತಿತು. ಕೆಳಗಿನ ಜನರಿಗೆ ಘೋರ ಹಾನಿಯಾಗುವಂತೆ ಅಣೆಕಟ್ಟುಗಳ ಮೇಲೆ ದಾಳಿಮಾಡಕೂಡದೆಂಬ ವಿಧಿಯು, ಕೆಲವು ವಿನಾಯಿತಿಗಳೊಡನೆ, ಜಿನೀವಾ ಒಪ್ಪಂದಗಳಿಗೆ ಸೇರಿದ್ದು 1977ರಲ್ಲಿ.

ನಾವು ಊರು ಬಿಟ್ಟು ಬಂದದ್ದು ನಮ್ಮ ಇಚ್ಛೆಯಿಂದ. ಅವರನ್ನು ಎಳೆದು ತಂದರು. ಈ ಭೇದ ದೊಡ್ಡದು. ಆದರೂ ಪರನಾಡಿನಲ್ಲಿ ಹಿಂದಿನ ಕೋಣೆಯಲ್ಲಿ ದುಡಿದು ಅಲ್ಲಿಯೇ ಮಲಗುವವನ ಹೆಸರು ಮುಂದಿನ ಫಲಕದ ಮೇಲೆ ಬರುವುದಿಲ್ಲವೆಂಬುದನ್ನು ನಮ್ಮ ವಾಚಕರಿಗೆ ಯಾರೂ ಕಲಿಸಬೇಕಾಗಿಲ್ಲ. ಆದುದರಿಂದ ಇಂಥ ವೀರಗಾಥೆಯನ್ನು ಓದುವಾಗ ಮಡಚಿಟ್ಟ ಪುಟವನ್ನೂ ಬಿಡಿಸಿ ಓದುವ ಹೊಣೆ ಇತರರಿಗಿಂತ ನಮಗೆ ಹೆಚ್ಚು. ಹಾಗೆ ಓದಿದವನು ವೀರನನ್ನು ಗೌರವಿಸುತ್ತಾನೆ. ಯುದ್ಧವನ್ನು ಮಾತ್ರ ಎಂದಿಗೂ ಹೊಗಳಲಾರನು.