ಆಣೆಯ ನೆಪ

"ಅಲ್ಲಾಹನಾಣೆ, ಇನ್ನು ಆ ಮನೆಯ ಹೊಸ್ತಿಲು ತುಳಿಯೆನು" ಎಂದು ಅಣ್ಣನೊಬ್ಬ ತಮ್ಮನ ಮೇಲಿನ ಸಿಟ್ಟಿನಲ್ಲಿ ಹೇಳಿಬಿಟ್ಟರೆ, ಮಾತಿಗೆ ತಪ್ಪದವನೆಂದು ನಾವು ಅವನನ್ನು ಹೊಗಳುತ್ತೇವೆ. ದೇವರ ಹೆಸರನ್ನು ಒಳಿತಿಗೆ ಅಡ್ಡಿಯಾಗಿಸಬಾರದೆಂದು ಪವಿತ್ರ ಕುರ್‌ಆನ್ (2:224) ತಡೆದಿರುವುದು ಇದನ್ನೇ ಅಲ್ಲವೇ?

ಪ್ರವಾದಿಪತ್ನಿ ಆಯಿಶಾ(ರ)ರ ಮೇಲಿನ ಅಪವಾದವನ್ನು ಹರಡಿದವರಲ್ಲಿ ಮಿಸ್ತಹ್ ಕೂಡ ಇದ್ದರು. ಅವರು ಬಡವರು, ಆಯಿಶಾರ ತಂದೆ ಅಬೂಬಕರ್(ರ)ರ ಸಂಬಂಧಿ. ಅಬೂಬಕರ್‌ರ ನೆರವಿನಿಂದಲೇ ಬದುಕುತ್ತಿದ್ದವರು. ಇನ್ನು ಇವನಿಗೆ ಏನನ್ನೂ ಕೊಡೆನೆಂದು ಅಬೂಬಕರ್ ಆಣೆ ಹಾಕಿದರು. ಮಗಳ ಮಾನದ ಪ್ರಶ್ನೆ. ಇದಕ್ಕಿಂತ ನ್ಯಾಯವಾದ ಸಿಟ್ಟು ಬೇರೆ ಯಾವುದಿದೆ? ಆದರೂ ಕ್ಷಮಿಸಬೇಕೆಂಬ ಸೂಕ್ತ (24:22) ಇಳಿಯಿತು, ನೆರವು ಮತ್ತೆ ಆರಂಭವಾಯಿತು. ನಮ್ಮ ಪಾಲುಪಟ್ಟಿಯ ಜಗಳ, ಮದುವೆಗೆ ಸರಿಯಾಗಿ ಕರೆಯಲಿಲ್ಲವೆಂಬ ಮುನಿಸು ಅದಕ್ಕಿಂತ ದೊಡ್ಡದೇ?

ಪತ್ನಿಯ ಬಳಿ ಹೋಗೆನೆಂದು ಆಣೆಯಿಟ್ಟು ಅವಳನ್ನು ಅತಂತ್ರಳಾಗಿಸುತ್ತಿದ್ದ ಅರಬರಿಗೂ ನಾಲ್ಕು ತಿಂಗಳ ಗಡುವು ಬಿತ್ತು (2:226).

ಆಣೆ ಮುರಿದುದಕ್ಕೆ ಪ್ರಾಯಶ್ಚಿತ್ತವೂ ಇದೆ. ಹತ್ತು ಮಂದಿ ಬಡವರಿಗೆ ಊಟ ಅಥವಾ ಬಟ್ಟೆ, ಸಾಧ್ಯವಾಗದವರಿಗೆ ಮೂರು ದಿನಗಳ ಉಪವಾಸ (5:89). ಗುಲಾಮರ ಬಿಡುಗಡೆಯ ಮಾತು ಇಂದು ಉಳಿದಿಲ್ಲ. "ಆಣೆ ಹಾಕಿಬಿಟ್ಟಿದ್ದಾನೆ, ಏನು ಮಾಡುವುದು?" ಎಂದು ಕೈಚೆಲ್ಲುವ ಜಮಾಅತಿನ ಹಿರಿಯರು ಇನ್ನಾದರೂ ಅಣ್ಣನ ಮುಂದೆ ಈ ಹತ್ತು ಊಟದ ಲೆಕ್ಕವನ್ನು ಇಡಲಿ.