ಮೈಸೂರಿನ ಗೇರ್‌ಬಾಕ್ಸಿಗೆ ಗರಗಸ ಹಾಕುವ ಮುನ್ನ!

ಹುಡುಗರೇ, ಒಂದು ಶನಿವಾರ ಸಂಜೆ ಬೆಂಗಳೂರಿನ ಯಾವುದಾದರೂ ಹಳೇ ಗ್ಯಾರೇಜಿನ ಮುಂದೆ ನಿಂತು ಸುಮ್ಮನೆ ಕಿವಿಗೊಡಿ. ಒಂದೇ ಮಾತು ಮತ್ತೆ ಮತ್ತೆ ಕೇಳುತ್ತದೆ. "ಅಣ್ಣಾ, ಗೇರ್ ಸ್ಮೂತ್ ಇಲ್ಲ. ಐದು ಗೇರ್ ಹಾಕಿಸಿಬಿಡೋಣ." ಗಾಡಿ ಯಾವುದು ಅಂತ ನೋಡಿದರೆ ಒಂದೋ ಆರ್‌ಎಕ್ಸ್ 100, ಇಲ್ಲವೇ ನಮ್ಮ ಮೈಸೂರಿನ ಯೆಜ್ಡಿ. ಎರಡಕ್ಕೂ ಇರುವುದು ನಾಲ್ಕೇ ಗೇರು. ಪಕ್ಕದ ಮನೆಯವನ ಹೊಸ ಗಾಡಿಗೆ ಆರು ಗೇರು ಇದೆಯಂತೆ. ಇವನಿಗೆ ನಿದ್ದೆ ಬರುವುದಾದರೂ ಹೇಗೆ? ಸರಿ, ಗೇರ್‌ಬಾಕ್ಸ್ ಬದಲಿಸು. ಆಗದಿದ್ದರೆ ಎಂಜಿನ್ನನ್ನೇ ಬದಲಿಸು. ಕೂರದಿದ್ದರೆ ಚಾಸಿ ಕೊಯ್ದು ಕೂರಿಸು!

ನೆಗಡಿ ಆಯಿತೆಂದು ಮೂಗನ್ನೇ ಕೊಯ್ದುಕೊಂಡರಂತೆ. ಇದೂ ಅದೇ ಕಥೆ.

ಕೊಯ್ಯಲು ಹೊರಟಿರುವುದು ಏನನ್ನು ಅಂತ ಮೊದಲು ತಿಳಿದುಕೊಳ್ಳಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಗಾಡಿ ತಯಾರಿಸಲು ಶುರುಮಾಡಿತು. ನಕ್ಷೆ ಜೆಕೊಸ್ಲೊವಾಕಿಯಾದ್ದು, ದುಡಿದ ಕೈ ಮೈಸೂರಿನದು. 1973ರಲ್ಲಿ ಯೆಜ್ಡಿ ಎಂಬ ಹೆಸರು ಬಂತು, 1978ರಲ್ಲಿ ರೋಡ್‌ಕಿಂಗ್ ಬಂತು, 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಅಲ್ಲಿಗೆ ಮುಗಿಯಿತು. 2018ರಲ್ಲಿ ಜಾವಾ ಹೆಸರು ಮತ್ತೆ ಬಂತಲ್ಲ ಅನ್ನುತ್ತೀರಾ? ಬಂತು, ನಿಜ. ಆದರೆ ಅದು ಮಧ್ಯಪ್ರದೇಶದ ಪೀಥಂಪುರದಲ್ಲಿ ತಯಾರಾದ ಫೋರ್ ಸ್ಟ್ರೋಕ್ ಗಾಡಿ, ಅದಕ್ಕೆ ಆರು ಗೇರು. ಅದರ ದಾರಿ ಅದಕ್ಕೆ. ನೀವು ಇವತ್ತು ಗರಗಸ ಹಾಕುವ ಯೆಜ್ಡಿ ಎಂಜಿನ್ ಕೇಸು ಮೈಸೂರಿನಲ್ಲಿ ಮತ್ತೆ ಹುಟ್ಟುವುದಿಲ್ಲ. ಇದ್ದಷ್ಟೇ ಲೆಕ್ಕ.

ಇನ್ನು ಆ ಗೇರ್‌ಬಾಕ್ಸ್ ಸಾಮಾನ್ಯದ್ದೇನಲ್ಲ. ಎಡಗಾಲಿನ ಹತ್ತಿರ ಒಂದೇ ಒಂದು ಲಿವರ್. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್, ಮತ್ತೆ ಇಳಿಸಿದರೆ ಅದೇ ಗೇರ್ ಲಿವರ್. ಅದಕ್ಕಿಂತ ಚೆಂದದ ಕೆಲಸ ಒಳಗಿದೆ. ಕಾಲಿನಿಂದ ಗೇರ್ ಲಿವರ್ ಒತ್ತಿದಾಗ ಮೊದಲು ಕ್ಲಚ್ ಬಿಡುತ್ತದೆ, ಆಮೇಲೆ ಗೇರ್ ಬೀಳುತ್ತದೆ. ಅಂದರೆ ಗಾಡಿ ಓಡುತ್ತಿರುವಾಗ ಕೈಯಲ್ಲಿ ಕ್ಲಚ್ ಹಿಡಿಯದೆಯೂ ಗೇರ್ ಹಾಕಬಹುದು. ಇವತ್ತಿನ ದುಬಾರಿ ಗಾಡಿಗಳಲ್ಲಿ ಕ್ಲಚ್ ಹಿಡಿಯದೆ ಗೇರ್ ಹಾಕಲು ಕ್ವಿಕ್ ಶಿಫ್ಟರ್ ಅಂತ ಎಲೆಕ್ಟ್ರಾನಿಕ್ ಸಾಮಾನು ಕೊಟ್ಟು ಕಾಸು ಕೀಳುತ್ತಾರೆ. ಕೆಲಸ ಮಾಡುವ ರೀತಿ ಬೇರೆ, ಒಪ್ಪಿದೆ. ಆದರೂ ಕೈಗೆ ಬಿಡುವು ಕೊಡುವ ಸೌಕರ್ಯ ನಮ್ಮ ತಾತಂದಿರ ಕಾಲದ ಮೈಸೂರು ಗಾಡಿಯಲ್ಲೇ ಇತ್ತು ಸ್ವಾಮಿ! ಅದನ್ನು ಕಿತ್ತೆಸೆದು "ಸ್ಮೂತ್" ಮಾಡುತ್ತೀರಾ?

ಹಾಗಾದರೆ ಗೇರ್ ಯಾಕೆ ಕಟಕಟ ಅನ್ನುತ್ತದೆ? ಹೆಚ್ಚಿನ ಸಲ ತಪ್ಪು ಗೇರಿನದಲ್ಲ, ಕ್ಲಚ್ಚಿನದು. ಕ್ಲಚ್ ಪೂರ್ತಿ ಬಿಡದಿದ್ದರೆ ಎಂಜಿನ್ನಿನ ಎಳೆತ ಗೇರಿನ ಮೇಲೆ ಹಾಗೇ ಉಳಿದಿರುತ್ತದೆ. ಎಳೆತದಲ್ಲಿರುವ ಹಲ್ಲನ್ನು ಒತ್ತಿ ಜಾರಿಸಿದರೆ ಅದು ಕಿರುಚದೆ ಹಾಡುತ್ತದೆಯೇ? ಪರೀಕ್ಷೆ ಸುಲಭ. ಸ್ವಲ್ಪ ದೂರ ಓಡಿಸಿ, ಎಂಜಿನ್ ಬಿಸಿಯಾದ ಮೇಲೆ ಆಫ್ ಮಾಡಿ. ಒಂದನೇ ಗೇರಿನಲ್ಲಿಟ್ಟು, ಕ್ಲಚ್ ಪೂರ್ತಿ ಹಿಡಿದು ಗಾಡಿಯನ್ನು ತಳ್ಳಿ. ಹಗುರವಾಗಿ ಉರುಳಿದರೆ ಕ್ಲಚ್ ಸರಿಯಿದೆ. ಎತ್ತಿನ ಹಾಗೆ ಮೊಂಡು ಹಿಡಿದು ನಿಂತರೆ ನಿಮ್ಮ ರೋಗ ಅಲ್ಲೇ ಸಿಕ್ಕಿತು. ಬೆಳಗಿನ ತಣ್ಣನೆ ಎಂಜಿನ್ನಿನಲ್ಲಿ ಈ ಪರೀಕ್ಷೆ ಬೇಡ. ಆಯಿಲ್ ಅಂಟಿಕೊಂಡು ಪ್ಲೇಟುಗಳು ಆಗ ಹೇಗೂ ಸ್ವಲ್ಪ ಹಿಡಿಯುತ್ತವೆ.

ರೋಗ ಸಿಕ್ಕಿದ ಮೇಲೆ ಮದ್ದು. ಮೊದಲು ಕೇಬಲ್. ಒಣಗಿ, ಎಳೆ ಹರಿದು, ಹೊರಗಿನ ಕೊಳವೆಯೊಳಗೆ ತುಕ್ಕು ಹಿಡಿದಿದ್ದರೆ ಹೊಸದು ಹಾಕಿಸಿ. ಆಮೇಲೆ ಕ್ಲಚ್ ಪ್ಲೇಟು. ಯೆಜ್ಡಿಯ ಪ್ಲೇಟಿನಲ್ಲಿ ಬಿರಡೆಯ ಬಿಲ್ಲೆಗಳಿರುತ್ತವೆ. ಅವು ಸವೆದರೆ ಜಾರುತ್ತವೆ, ಸುಟ್ಟರೆ ಗಾಜಿನಂತೆ ನುಣುಪಾಗುತ್ತವೆ. ಕಬ್ಬಿಣದ ಪ್ಲೇಟು ಸೊಟ್ಟಗಾಗಿದ್ದರೆ ಕ್ಲಚ್ ಬಿಡುವುದೇ ಇಲ್ಲ. ಗಾಜಿನ ಹಲಗೆಯ ಮೇಲೆ ಇಟ್ಟರೆ ಸೊಟ್ಟ ಕಣ್ಣಿಗೆ ಕಾಣುತ್ತದೆ. ಪ್ಲೇಟು ಹೊಸದಾದರೂ ತೊಂದರೆ ಹೋಗದಿದ್ದರೆ ಕ್ಲಚ್ ಬುಟ್ಟಿಯ ಗೋಡೆ ನೋಡಿ. ಪ್ಲೇಟಿನ ಕಿವಿಗಳು ವರ್ಷಾನುಗಟ್ಟಲೆ ಬಡಿದು ಅಲ್ಲಿ ಗುಂಡಿ ಬಿದ್ದಿರುತ್ತದೆ. ಪ್ಲೇಟು ಆ ಗುಂಡಿಗೆ ಸಿಕ್ಕಿಹಾಕಿಕೊಂಡು ಹಿಂದಕ್ಕೆ ಸರಿಯುವುದಿಲ್ಲ. ಪ್ಲೇಟು ಮಾರುವವನು ಇದನ್ನು ನಿಮಗೆ ಯಾಕೆ ಹೇಳುತ್ತಾನೆ?

ಆಯಿಲ್ ವಿಚಾರದಲ್ಲಂತೂ ನಮ್ಮವರ ಉಡಾಫೆಗೆ ಮಿತಿಯೇ ಇಲ್ಲ. ಈ ಗಾಡಿಗಳಲ್ಲಿ ಗೇರೂ ಕ್ಲಚ್ಚೂ ಒಂದೇ ಆಯಿಲ್‌ನಲ್ಲಿ ಮುಳುಗಿರುತ್ತವೆ. ಪೆಟ್ರೋಲಿಗೆ ಬೆರೆಸುವ ಟೂ-ಟಿ ಆಯಿಲೇ ಬೇರೆ, ಇದೇ ಬೇರೆ. ಕಾರಿಗೆ ಹಾಕಿ ಉಳಿದ ಡಬ್ಬಿಯನ್ನು ಇದಕ್ಕೆ ಸುರಿದರೆ ಅದರಲ್ಲಿರುವ ಜಾರು ಮದ್ದು ಕ್ಲಚ್ಚನ್ನೇ ಜಾರಿಸುತ್ತದೆ. ಒದ್ದೆ ಕ್ಲಚ್ಚಿನ ಗಾಡಿಗೆಂದೇ ಬರುವ ಆಯಿಲ್ ಡಬ್ಬಿಯ ಮೇಲೆ ಜಾಸೊ ಎಂಎ ಎಂಬ ಗುರುತಿರುತ್ತದೆ. ಎಷ್ಟು ದಪ್ಪದ್ದು ಬೇಕೆಂದು ಗಾಡಿಯ ಕೈಪಿಡಿಯಲ್ಲಿದೆ. ಇನ್ನೊಂದು ಮಾತು: ಗೇರ್ ಆಯಿಲ್ ತಾನೇ ತಾನಾಗಿ ಕಡಿಮೆಯಾಗುತ್ತಾ, ಹಿಂದಿನಿಂದ ದಟ್ಟ ಬಿಳಿ ಹೊಗೆ ಬರುತ್ತಿದ್ದರೆ, ಕ್ರ್ಯಾಂಕಿನ ಕ್ಲಚ್ ಕಡೆಯ ಸೀಲ್ ಹೋಗಿದೆ ಎಂದು ಅನುಮಾನಿಸಿ. ಎಂಜಿನ್ ಗೇರಿನ ಆಯಿಲ್ ಕುಡಿದು ಸುಡುತ್ತಿರುತ್ತದೆ, ಗೇರು ಒಣಗಿ ಒದ್ದಾಡುತ್ತಿರುತ್ತದೆ. ಹುಡುಗ ಮಾತ್ರ ಐದನೇ ಗೇರಿನ ಕನಸು ಕಾಣುತ್ತಿರುತ್ತಾನೆ!

ಗೇರ್‌ಬಾಕ್ಸಿನದೇ ತಪ್ಪು ಇರುವುದೇ ಇಲ್ಲವೇ? ಇರುತ್ತದೆ. ಚಾಮುಂಡಿ ಬೆಟ್ಟವನ್ನೋ ನಂದಿಯನ್ನೋ ಹತ್ತುವಾಗ, ಎಂಜಿನ್ನಿಗೆ ಭಾರ ಬಿದ್ದಾಗ, ಯಾವುದೋ ಒಂದು ಗೇರು ಮಾತ್ರ ಟಪ್ಪನೆ ಕಳಚಿಕೊಂಡರೆ ಒಳಗೆ ಸವೆತವಿದೆ ಎಂದರ್ಥ. ಒಂದು ಗೇರನ್ನು ಇನ್ನೊಂದಕ್ಕೆ ಬೆಸೆಯುವ ಪಕ್ಕದ ಹಲ್ಲುಗಳ ಮೂಲೆ ಉರುಟಾಗಿರುತ್ತದೆ, ಇಲ್ಲವೇ ಗೇರನ್ನು ಸರಿಸುವ ಫೋರ್ಕ್ ಸವೆದು ಬಾಗಿರುತ್ತದೆ. ಆಗ ಎಂಜಿನ್ ಬಿಚ್ಚಲೇಬೇಕು, ಕೇಸು ಎರಡು ಹೋಳು ಮಾಡಲೇಬೇಕು. ಹೇಗೂ ಬಿಚ್ಚಿದ ಮೇಲೆ ಬೇರಿಂಗು, ಸೀಲು ಎಲ್ಲ ಹೊಸದು ಹಾಕಿಸಿ, ಜಿಪುಣತನ ಬೇಡ. ಆ ಪಕ್ಕದ ಹಲ್ಲುಗಳನ್ನು ಒಳಓರೆಯಾಗಿ ಅರೆದು ಕೊಡುವ ಲೇತ್ ಕೆಲಸವೂ ಉಂಟು. ಅದರಿಂದ ಬಿದ್ದ ಗೇರು ಭಾರಕ್ಕೆ ಇನ್ನಷ್ಟು ಬಿಗಿಯಾಗಿ ಕಚ್ಚಿ ನಿಲ್ಲುತ್ತದೆ. ಗೇರ್ ಹಗುರವಾಗಿ ಬೀಳಲು ಅದು ಮದ್ದಲ್ಲ. ಎರಡನ್ನೂ ಒಂದೇ ಅಂತ ಹೇಳಿ ಕಾಸು ಕೇಳಿದರೆ ನಂಬಬೇಡಿ.

ಐದು ಗೇರಿನ ಪರ ನ್ಯಾಯವಾಗಿ ಹೇಳಬೇಕಾದ ಮಾತೂ ಒಂದಿದೆ. ಗೇರು ಹೆಚ್ಚಾದಷ್ಟೂ ಒಂದಕ್ಕೂ ಇನ್ನೊಂದಕ್ಕೂ ನಡುವಿನ ಅಂತರ ಕಡಿಮೆಯಾಗುತ್ತದೆ. ಬದಲಿಸಿದಾಗ ಎಂಜಿನ್ನಿನ ವೇಗ ಧೊಪ್ಪನೆ ಕುಸಿಯುವುದಿಲ್ಲ, ಜಗ್ಗು ಕಡಿಮೆ. 1996ರಲ್ಲಿ ನಿಂತುಹೋದ ಆರ್‌ಎಕ್ಸ್ 100ಕ್ಕೆ ಅದರ ದಾಯಾದಿ ಆರ್‌ಎಕ್ಸ್ 135ರ ಐದು ಗೇರಿನ ಸೆಟ್ ಹಾಕುವವರು ಈ ಸುಖಕ್ಕೇ ಹಾಕುವುದು. ಒಂದೇ ಮನೆತನದ ಸಾಮಾನು, ಬಲ್ಲ ಮೇಸ್ತ್ರಿಯಾದರೆ ಕೆಲಸ ಆಗುತ್ತದೆ. ಆದರೆ ಗೇರ್ ಸೆಟ್ ಒಂದೇ ಸಾಲದು, ಐದು ಗೇರಿನ ಡ್ರಮ್ಮೂ ಬೇಕು. ಇಲ್ಲಿಯೇ ಗುಜರಿಯ ಬಲೆ ಇರುವುದು. "ಪೂರ್ತಿ ಕೇಸೇ ಕೊಡ್ತೀನಿ ತಗೋ" ಅನ್ನುತ್ತಾನೆ. ಎಂಜಿನ್ ನಂಬರ್ ಇರುವುದು ಆ ಕೇಸಿನ ಮೇಲೆ ಕಣ್ರಯ್ಯಾ! ಅದು ಯಾರ ಗಾಡಿಯದೋ, ಯಾರ ಮನೆಯಂಗಳದಿಂದ ಕದ್ದದ್ದೋ ನಿಮಗೆ ಗೊತ್ತೇ? ಆರ್‌ಸಿ ಪುಸ್ತಕದಲ್ಲಿ ಒಂದು ನಂಬರು, ಎಂಜಿನ್ನಿನ ಮೇಲೆ ಇನ್ನೊಂದು. ರಸ್ತೆಯಲ್ಲಿ ಪೊಲೀಸಪ್ಪ ಬಗ್ಗಿ ನೋಡಿದ ದಿನ, ಅಪಘಾತವಾಗಿ ವಿಮೆಯವರು ಬಗ್ಗಿ ನೋಡಿದ ದಿನ, ಗುಜರಿಯವನು ನಿಮ್ಮ ಜೊತೆ ನಿಲ್ಲುವುದಿಲ್ಲ.

ಕಾನೂನೂ ಮೆತ್ತಗಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ಮೂಲ ವಿವರವನ್ನು ಮನಸ್ಸಿಗೆ ಬಂದಂತೆ ಬದಲಿಸಬಾರದು ಅನ್ನುತ್ತದೆ. 2019ರ ತಿದ್ದುಪಡಿಯಲ್ಲಿ ಹಾಗೆ ಬದಲಿಸಿದ ಮಾಲೀಕನಿಗೆ ಪ್ರತಿ ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಎಂದು ಬರೆದಿದ್ದಾರೆ. ಯೆಜ್ಡಿಯ ಚಾಸಿ ಕೊಯ್ದು ಬೇರೆ ಎಂಜಿನ್ ತೂರಿಸುವ ಶೂರರು ಇದನ್ನು ಓದಿಕೊಳ್ಳಲಿ.

ಹೆದ್ದಾರಿಯಲ್ಲಿ ಎಂಜಿನ್ ಅರಚುತ್ತದೆ, ಅಷ್ಟೇ ತಕರಾರು ಅನ್ನುವವರು ಮುಂದಿನ ಸ್ಪ್ರಾಕೆಟ್ ಬದಲಿಸಿ ನೋಡಬಹುದು. 14 ಹಲ್ಲಿನ ಜಾಗದಲ್ಲಿ 15 ಹಾಕಿದರೆ ಅದೇ ವೇಗಕ್ಕೆ ಎಂಜಿನ್ ಸುಮಾರು ಶೇಕಡಾ 7ರಷ್ಟು ಕಡಿಮೆ ತಿರುಗುತ್ತದೆ. ಏರಿನಲ್ಲಿ ಎಳೆತ ಅಷ್ಟೇ ಕಡಿಮೆಯಾಗುತ್ತದೆ, ಅದು ನೆನಪಿರಲಿ. ಹಾಗೆಯೇ ಚೈನು ಜೋತುಬಿದ್ದು, ಹಿಂದಿನ ಚಕ್ರದ ರಬ್ಬರು ಪುಡಿಯಾಗಿ ಬರುವ ಜಗ್ಗನ್ನು ಗೇರಿನ ತಲೆಗೆ ಕಟ್ಟಬೇಡಿ. ಇನ್ನು ಸಿಗ್ನಲ್ ಸಿಗ್ನಲ್‌ಗೂ ಗೇರ್ ಲಿವರ್ ಮೇಲೆ ಬೂಟುಗಾಲು ಊರಿಕೊಂಡೇ ಓಡಿಸುವ ಗೆಳೆಯರೇ, ಮೈಸೂರು ಗಾಡಿಯಲ್ಲಿ ಆ ಲಿವರ್ ಕ್ಲಚ್ಚನ್ನೂ ಬಿಡಿಸುತ್ತದೆ ಅಂತ ಆಗಲೇ ಹೇಳಿದೆ. ಕಾಲು ತೆಗೆಯಿರಿ. ಅದಕ್ಕೆ ಕಾಸು ಬೇಡ.

ಪ್ರತಿ ವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನ. ಬೆಂಗಳೂರಿನಲ್ಲಿ ಹಳೇ ಜಾವಾ, ಯೆಜ್ಡಿಗಳು ಸಾಲುಗಟ್ಟಿ ನಿಲ್ಲುತ್ತವೆ. ಫೋಟೋ ತೆಗೆಸಿಕೊಂಡು ಬರಬೇಡಿ. ಅಲ್ಲಿ ಬರುವ ಹಿರಿಯರ ಪಕ್ಕ ನಿಂತು, ಅವರ ಗಾಡಿಯ ಕ್ಲಚ್ ಹಿಡಿದು ನೋಡಿ, ಯಾವ ಮೇಸ್ತ್ರಿ ಕೈ ಹಾಕಿದ್ದು ಅಂತ ಕೇಳಿ ವಿಳಾಸ ಬರೆದುಕೊಳ್ಳಿ. ಈ ಎಂಜಿನ್ನಿನ ಮೇಲೆ ಕೈ ಪಳಗಿಸಿದವರಿಗೆ ಈಗ ವಯಸ್ಸಾಗಿದೆ, ತಡ ಮಾಡಬೇಡಿ. ಕೆಲಸ ಮಾಡಿಸುವಾಗ ಪಕ್ಕದಲ್ಲೇ ಕೂತು ನೋಡಿ. ಬಿಚ್ಚಿದ ಹಳೇ ಗೇರುಗಳನ್ನು ತೂಕಕ್ಕೆ ಹಾಕಿ ಬರಬೇಡಿ. ಆಯಿಲ್ ಸವರಿ, ಬಟ್ಟೆಯಲ್ಲಿ ಸುತ್ತಿ ಮನೆಗೆ ತನ್ನಿ. ಒಂದು ಹಲ್ಲು ಮುರಿದ ಗೇರಿನ ಜೊತೆಗಿರುವ ಮೂರು ಒಳ್ಳೆಯ ಗೇರುಗಳಿಗಾಗಿ ಮಂಡ್ಯದಲ್ಲೋ ತುಮಕೂರಿನಲ್ಲೋ ಇನ್ನೊಬ್ಬ ಹುಡುಗ ಅಂಗಡಿ ಅಂಗಡಿ ಅಲೆಯುತ್ತಿರುತ್ತಾನೆ.